ಅಳತಿ ಬುಕ್ಕಿನಾಗ ಒಂದು ಗಿಡ

ವಕೀಲರಾದ ಶಾಲ್ಮಲಾ ಕಟಗೇರಿ
ಕಲಬುರ್ಗಿಗೆ ಹೊಂಟ ದಿನ
ಕೋಟು ಒಯ್ಯಾಕ ಬಂದವರು ಪಾಟು ಇಟ್ಟು ಹೋದರು.
"ಆರು ತಿಂಗಳ ಇಟ್ಕೋರಿ ಮಾಳವದೆ ಕಾಕಾ.
ಬಿಸಲು ಬ್ಯಾಡ. ನೀರು ಹದಿನೈದು ದಿನಕ್ಕೊಮ್ಮೆ.
ಮರತರೂ ಸಿಟ್ಟಿಲ್ಲ ಇದಕ್ಕ."
ಇಷ್ಟಂದು ರಿಕ್ಷಾ ಹತ್ತಿದರು.
ಹೊಲಿಗಿ ರೊಕ್ಕದಾಗ ನೂರಾ ಐವತ್ತು ಬಾಕಿ.

ಧಾರವಾಡ, ಲೈನ್ ಬಜಾರಿನ ಹಿಂದಿನ ಸಂದಿ.
ಎಂಟು ಫೂಟು ಉದ್ದ, ಆರು ಫೂಟು ಅಗಲದ ಅಂಗಡಿ,
ಉತ್ತರಕ್ಕೊಂದು ಕಿಡಕಿ.
ಪೇಢೆಗೆ ಕುದಿಯೋ ಹಾಲಿನ ವಾಸನಿ ಒಳಗ ಬರತದ,
ಬಿಸಲು ಬರೂದಿಲ್ಲ.
ಇದಕಿಂತ ಚಲೋ ಜಾಗ ಎಲ್ಲಿ ಸಿಗಬೇಕು ಆ ಗಿಡಕ್ಕ?

ಎಲಿ ಕರ್ರಗ.
ಹೊಗಿಯ ಕರಿ ಅಲ್ಲ, ಕಾಡಿಗಿಯ ಕರಿ ಅಲ್ಲ,
ಎಣ್ಣಿ ಸವರಿದ ರೊಟ್ಟಿ ಹಂಚಿನ ಕರಿ.
ಮೂವತ್ತೊಂದು ವರ್ಷ ಕರಿ ಬಟ್ಟಿ ಹೊಲದ ಕೈ ಇದು,
ಕರಿ ಅನ್ನೂದು ಒಂದ ಬಣ್ಣಲ್ಲ, ಗೊತ್ತದ ನನಗ:
ಹೊಸಾ ಟೆರಿಕಾಟಿನ ಕರಿ ನೀಲಿ ಕಡೆ ವಾಲತದ,
ಹತ್ತು ಬ್ಯಾಸಗಿ ಕಂಡ ಕೋಟು
ಹೆಗಲ ಮ್ಯಾಲೆ ತುಕ್ಕು ಹಿಡಿತದ,
ಜಾಮೀನು ಸಿಕ್ಕ ದಿನದ ಕರೀನ ಬ್ಯಾರೆ.
ಈ ಎಲೀನ ಕಿಡಕಿ ಬೆಳಕಿಗೆ ಹಿಡದು ನೋಡಿದೆ,
ಹಿಂದ
ನೇರಳಿ ಹಣ್ಣು ತಿಂದ ನಾಲಿಗಿ.

ಕಾಜಾ ಹಾಕೋ ದಾವಲನಿಗೆ ಹದಿನೇಳು.
ಯಾರನ್ನೂ ಬಾಯಾರಸೂದು ಅವನ ಸ್ವಭಾವಲ್ಲ.
ನಾ ಊಟಕ್ಕ ಹೋದಾಗ ದಿನಾ ಒಂದು ತಂಬಗಿ,
ಚಹಾದ ಗ್ಲಾಸು ತೊಳದ ನೀರು ಮ್ಯಾಲೆ.
ಎರಡು ತಿಂಗಳಿಗೆ ಒಂದು ದೇಟು ಹಳದಿ,
ಮರುದಿನ ಇನ್ನೊಂದು.
"ನೀರು ಸಾಲವಲ್ದು ಕಾಕಾ" ಅಂದವನ
ಮತ್ತೊಂದು ತಂಬಗಿ.

ಬುಡ ಹಿಡದು ಎತ್ತಿದೆ.
ಕೆಸರು. ನಾಕು ದಿನದ ಹಳಸಿದ ವಾಸನಿ.
ಒಳಗ ಬಟಾಟಿಯಂಥಾ ಗಡ್ಡಿ ನಾಕು,
ತನ್ನ ನೀರು ತಾನ ಕೂಡಿಟ್ಟಕೊಂಡಿದ್ದು,
ಮ್ಯಾಲೆ ಕೊಟ್ಟರ ಬ್ಯಾಡ ಅನ್ನಾಕ ಬಾಯಿಲ್ಲದ್ದು.
ಎರಡು ಮೆತ್ತಗಾಗಿದ್ದವು.
ಹೆಂಡತಿ ಕಾಗದ ಕೊಯ್ಯಾಕ ಕೇಳಿದಾಗೂ ಕೊಡದ ಕತ್ತರಿ
ಅವತ್ತು ಗಡ್ಡಿ ಕೊಯ್ತು.
ಗಾಯಕ್ಕ ಅರಿಷಿಣ ಒತ್ತಿ
ಹ್ಯಾಂಗರಿಗೆ ತಲಿಕೆಳಗ ಕಟ್ಟಿದೆ, ಮೂರು ದಿನ,
ಕೋಟುಗಳ ಸಾಲಿನಾಗ.
ಟ್ರಾಯಲ್ ನೋಡಾಕ ಬಂದ ಹುಬ್ಬಳ್ಳಿ ವಕೀಲರು
"ಇದು ಯಾರ ಅಳತಿದು?" ಅಂದರು.

ದಾವಲ ಎರಡು ದಿನ ಮಾತಾಡಲಿಲ್ಲ.
ಮೂರನೇ ದಿನ ಹೇಳದನ ತಂದ
ಇಟ್ಟಂಗಿ ಚೂರು, ಉಸುಕು, ತೆಂಗಿನ ನಾರು.

ಧೂಳಿನ ಲೆಕ್ಕ ಕರೀದಕ್ಕ ಗೊತ್ತು.
ಬಿಳಿ ಅಂಗಿ ಮುಚ್ಚಿಕೊಳ್ಳತದ,
ಕರಿ ಕೋಟು ಒಂದು ಕಣಾನೂ ಬಿಡದ ತೋರಸತದ.
ಶನಿವಾರಕ್ಕೊಮ್ಮೆ ಅಸ್ತರಿನ ಚೂರು ಒದ್ದಿ ಮಾಡಿ
ಉಳದ ಎಲಿ ಒಂದೊಂದ ಒರಸತೇನಿ,
ಕಾಲರ್ ಒರಸಿದ್ಹಾಂಗ, ಕೆಳಗೊಂದು ಬೆರಳು ಕೊಟ್ಟು.

ಕರಿ ಬಟ್ಟಿ ಮ್ಯಾಲೆ ಕರಿ ದಾರ
ಈಗೀಗ ಕಾಣವಲ್ದು.
ಬೆರಳಿಗೆ ಕಾಣತದ, ಕಣ್ಣಿಗಿಲ್ಲ.
ಯಾರಿಗೂ ಹೇಳಿಲ್ಲ ನಾನು.
ಮುಂಜಾನೆ ಬಂದು ನೋಡಿದರ
ಹತ್ತು ಸೂಜಿ ಪೋಣಿಸಿ ಸಾಲಾಗಿ ಚುಚ್ಚಿಟ್ಟಿರತಾನ ದಾವಲ.
ಅವನೂ ಏನೂ ಹೇಳಿಲ್ಲ.

ಪಂಚಮಿ ಹತ್ತರಕ್ಕ ಉಸುಕು ಸರಿಸಿ
ಒಂದು ಕುಡಿ ಎದ್ದಿತು.
ಗಿಳಿಹಸರು!
ಚಸ್ಮಾ ಇಲ್ಲದ ಕಂಡಿತು ನನಗ.
"ಕಾಕಾ, ಬ್ಯಾರೆ ಗಿಡ ಹುಟ್ಟೇತಿ" ಅಂದ ಹುಡುಗ.
ತಡಿಯೋ, ಅಂದೆ, ಇದರ ಕರಿ ಹುಟ್ಟಿನಿಂದ ಬಂದದ್ದಲ್ಲ,
ಇಲ್ಲೇ, ಈ ಕಿಡಕ್ಯಾಗ ಕುಂತು ಗಳಿಸಬೇಕು.

ಆರು ತಿಂಗಳು ಮುಗದು ಒಂಬತ್ತಾತು.
ಕಲಬುರ್ಗಿ ಖಟ್ಲೆಗೆ ತಾರೀಖಿನ ಮ್ಯಾಲೆ ತಾರೀಖು.
ಬಂದರ ಕೊಡಬೇಕು, ಕೊಡತೇನಿ.

ಅಳತಿ ಬುಕ್ಕಿನಾಗ ಕಟಗೇರಿ ವಕೀಲರ ಪುಟ:
ಎದಿ ಮೂವತ್ನಾಕು, ಹೆಗಲು ಹದಿನಾಕೂವರಿ,
ತೋಳು ಇಪ್ಪತ್ತೆರಡು,
ಬಾಕಿ ನೂರಾ ಐವತ್ತು.
ಅದರ ಕೆಳಗ ಪೆನ್ಸಿಲಿನಾಗ, ಸೊಟ್ಟ ಅಕ್ಷರ, ನಂದಲ್ಲ:
ಹೊಸಾ ದೇಟು, ಎರಡೂ ಕಾಲು ಇಂಚು.
ನೀರು ಹಾಕಿಲ್ಲ.